ಸವಲತ್ತು ಬೇರೆ, ಹಕ್ಕು ಬೇರೆ

ಆಸ್ಪತ್ರೆಯ ಬಾಗಿಲಲ್ಲಿ ಬಡವನಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದು? 'ಏನಾಗಿದೆ?' ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತು. ಆದರೆ ನಮ್ಮ ದೇಶದ ಅನೇಕ ಕಡೆ 'ಎಷ್ಟು ತಂದಿದ್ದೀರಿ?' ಎಂಬ ಪ್ರಶ್ನೆ ಅದಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ. ರೋಗಿ ಸ್ಟ್ರೆಚರ್ ಮೇಲೆ ಮಲಗಿರುತ್ತಾನೆ. ಮಗ ಕೌಂಟರಿನ ಮುಂದೆ ನಿಂತು ಸಂಬಂಧಿಕರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡುತ್ತಿರುತ್ತಾನೆ. ಹೆಂಡತಿ ತನ್ನ ಕಿವಿಯ ಓಲೆಯನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ. ಈ ದೃಶ್ಯವನ್ನು ಒಮ್ಮೆಯೂ ಕಾಣದವರು ನಮ್ಮಲ್ಲಿ ಬಹಳ ಕಡಿಮೆ.

ಈ ಎರಡು ಪ್ರಶ್ನೆಗಳ ಸರದಿಯನ್ನು ಕಾನೂನಿನ ಮೂಲಕವೇ ಬದಲಿಸಲು ಒಂದು ರಾಜ್ಯ ಮುಂದಾಯಿತು. 2023ರ ಮಾರ್ಚ್ 21ರಂದು ರಾಜಸ್ಥಾನದ ವಿಧಾನಸಭೆ ಆರೋಗ್ಯದ ಹಕ್ಕು ಮಸೂದೆಯನ್ನು ಅಂಗೀಕರಿಸಿತು. ರಾಜ್ಯಪಾಲರ ಒಪ್ಪಿಗೆಯೊಂದಿಗೆ ಏಪ್ರಿಲ್‌ನಲ್ಲಿ ಅದು ಕಾಯ್ದೆಯಾಯಿತು. 'ಆರೋಗ್ಯದ ಹಕ್ಕು' ಎಂಬ ಹೆಸರಿನಲ್ಲೇ ಕಾಯ್ದೆ ತಂದ ದೇಶದ ಮೊದಲ ರಾಜ್ಯ ಅದು. ರಾಜಸ್ಥಾನವೆಂದರೆ ಅಜ್ಮೀರ್ ದರ್ಗಾ, ಜೈಪುರದ ಕೋಟೆ, ಮರಳುಗಾಡಿನ ಒಂಟೆ ಎಂದಷ್ಟೇ ತಿಳಿದಿರುವ ನಾವು ಆ ರಾಜ್ಯದ ಜನ ಕೇಳಿ ಪಡೆದ ಈ ಕಾಯ್ದೆಯನ್ನೂ ತಿಳಿದುಕೊಳ್ಳಬೇಕು. ಅದರಿಂದ ಅಲ್ಲಿಯವರಿಗೆ ಏನು ದೊರೆಯಬಹುದಿತ್ತು, ಎಷ್ಟು ದೊರೆಯಿತು, ನಮಗೆ ಅದರಲ್ಲಿ ಪಾಠವೇನಿದೆ ಎಂಬುದು ಈ ಸಲದ ವಿಚಾರ.

ಕೆಲವರು ಕೇಳಬಹುದು: ಗಾಯಾಳುವಿಗೆ ಚಿಕಿತ್ಸೆ ಕೊಡಬೇಕೆಂದು ಹೇಳಲು ಕಾಯ್ದೆ ಏಕೆ ಬೇಕು? ಅದು ಮನುಷ್ಯತ್ವವಲ್ಲವೇ? ಹೌದು, ಮನುಷ್ಯತ್ವವೇ. ಆದರೆ ಮನುಷ್ಯತ್ವವನ್ನು ಮಾತ್ರ ನಂಬಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಕಡತಗಳಲ್ಲೇ ಸಾಕ್ಷಿಯಿದೆ.

ಒಬ್ಬ ಸ್ಕೂಟರ್ ಸವಾರನಿಗೆ ವೇಗವಾಗಿ ಬಂದ ಕಾರು ಬಡಿಯಿತು. ದಾರಿಹೋಕನೊಬ್ಬ ಅವನನ್ನು ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದ. ಇದು ಪೊಲೀಸ್ ಕೇಸು, ಇಂಥ ಕೇಸುಗಳನ್ನು ನಾವು ನೋಡುವುದಿಲ್ಲ, 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದು ಅಲ್ಲಿ ಹೇಳಲಾಯಿತು. ಆ ದಾರಿಯಲ್ಲೇ ಗಾಯಾಳುವಿನ ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ಹಿಡಿದುಕೊಂಡು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರಲ್ಲಿ ತೀರ್ಪು ಬಂತು. ಸರಕಾರಿ ವೈದ್ಯನಿರಲಿ, ಖಾಸಗಿ ವೈದ್ಯನಿರಲಿ, ಜೀವ ಉಳಿಸುವುದು ಅವನ ಮೊದಲ ಕರ್ತವ್ಯ. ಪೊಲೀಸ್ ವಿಧಿವಿಧಾನಗಳು ಆಮೇಲೆ ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು.

ಅಷ್ಟಕ್ಕೆ ಎಲ್ಲವೂ ಸರಿಹೋಯಿತೇ? ಇಲ್ಲ. ಮೂರು ವರ್ಷಗಳ ನಂತರ, 1992ರ ಜುಲೈ 8ರಂದು, ಪಶ್ಚಿಮ ಬಂಗಾಳದಲ್ಲಿ ಒಬ್ಬ ಕೃಷಿ ಕೂಲಿಯಾಳು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಲ್ಕತ್ತಾದ ಒಂದು ಸರಕಾರಿ ಆಸ್ಪತ್ರೆಗೆ, ಅಲ್ಲಿಂದ ಮತ್ತೊಂದಕ್ಕೆ ಅವನನ್ನು ಹೊತ್ತು ತಿರುಗಿದರು. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಬೇಕಾದ ಯಂತ್ರವಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿ ಸುಮಾರು 17,000 ರೂಪಾಯಿ ಖರ್ಚು ಮಾಡಬೇಕಾಯಿತು. ಆ ಕಾಲದಲ್ಲಿ ಒಬ್ಬ ಕೂಲಿಯಾಳಿಗೆ ಅದು ಎಂಥ ಮೊತ್ತ ಎಂದು ಯೋಚಿಸಿ. ಅವನ ಸಂಘಟನೆ ಕೋರ್ಟಿಗೆ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಸರಕಾರಿ ಆಸ್ಪತ್ರೆಯಲ್ಲಿ ಸಕಾಲಕ್ಕೆ ಚಿಕಿತ್ಸೆ ಸಿಗದಿರುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಉಲ್ಲಂಘನೆ, ಹಣವಿಲ್ಲವೆಂಬ ನೆಪವನ್ನು ಸರಕಾರ ಹೇಳುವಂತಿಲ್ಲ ಎಂದೂ ಹೇಳಿತು.

ಎರಡೂ ತೀರ್ಪುಗಳು ಚಿನ್ನದಂಥವು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತ ಬಡವನ ಕೈಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಇರುವುದಿಲ್ಲ. ಅದನ್ನು ತೋರಿಸಿದರೂ ಅಲ್ಲಿಯ ಗುಮಾಸ್ತ ಒಪ್ಪಬೇಕಲ್ಲ? ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ತಪ್ಪಿದವರಿಗೆ ದಂಡವೆಷ್ಟು, ಆಸ್ಪತ್ರೆಯ ಖರ್ಚನ್ನು ತುಂಬುವವರು ಯಾರು - ಇವೆಲ್ಲವನ್ನೂ ಬರೆದಿಡುವ ಕಾಯ್ದೆ ಇದ್ದರೆ ಮಾತ್ರ ತೀರ್ಪು ಬಾಗಿಲವರೆಗೆ ತಲುಪುತ್ತದೆ. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ಇವು ನಮ್ಮ ಸಂವಿಧಾನದಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಆದ್ದರಿಂದ ಇಂಥ ಕಾಯ್ದೆಯನ್ನು ತರುವ ಹೊಣೆಯೂ ಅವಕಾಶವೂ ಮೊದಲು ರಾಜ್ಯಗಳದ್ದೇ.

ಇಲ್ಲಿ ಎರಡು ಪದಗಳ ಬಗ್ಗೆ ಸ್ವಲ್ಪ ಹೇಳಬೇಕು. ಪಾಠ ಹೇಳುವವರಿಗೆ ಪದಗಳ ಮೂಲ ಹುಡುಕುವ ಚಟ ಇರುತ್ತದೆ, ಓದುಗರು ಸಹಿಸಿಕೊಳ್ಳಬೇಕು. 'ಸವಲತ್ತು' ಮತ್ತು 'ಹಕ್ಕು' ಎಂಬ ಎರಡೂ ಪದಗಳು ಅರಬಿ ಮೂಲದವು. ಶತಮಾನಗಳ ಹಿಂದೆಯೇ ಕನ್ನಡದ ಮನೆಗೆ ಬಂದು ಮನೆಮಂದಿಯೇ ಆಗಿಬಿಟ್ಟಿವೆ. ಸವಲತ್ತು ಎಂದರೆ ಮೂಲದಲ್ಲಿ ಸುಲಭವಾಗುವುದು, ಸರಾಗವಾಗುವುದು. ಹಕ್ಕ್ ಎಂದರೆ ಸತ್ಯ, ಮತ್ತು ಒಬ್ಬರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಸವಲತ್ತನ್ನು ಕೊಡುವವನು ದೊಡ್ಡವನು, ಪಡೆಯುವವನು ಕೈಚಾಚಿದವನು. ಹಕ್ಕಿನಲ್ಲಿ ಹಾಗಿಲ್ಲ. ಅಲ್ಲಿ ಕೊಡದಿದ್ದವನೇ ತಪ್ಪಿತಸ್ಥ. ಒಂದೇ ಚಿಕಿತ್ಸೆಯನ್ನು ಸವಲತ್ತಾಗಿಯೂ ಕೊಡಬಹುದು, ಹಕ್ಕಾಗಿಯೂ ಕೊಡಬಹುದು. ಪಡೆಯುವವನ ತಲೆ ಬಾಗಿರುತ್ತದೆಯೋ ಎತ್ತಿರುತ್ತದೆಯೋ ಎಂಬುದರಲ್ಲಿ ವ್ಯತ್ಯಾಸವಿದೆ.

ರಾಜಸ್ಥಾನದಲ್ಲಿ ಸವಲತ್ತುಗಳಿಗೆ ಕೊರತೆ ಇರಲಿಲ್ಲ. 2011ರ ಅಕ್ಟೋಬರ್ 2ರಂದು ಅಲ್ಲಿಯ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಯೋಜನೆ ಆರಂಭವಾಯಿತು. 2013ರಲ್ಲಿ ಉಚಿತ ತಪಾಸಣೆಯ ಯೋಜನೆ ಬಂತು. 2021ರ ಮೇ ತಿಂಗಳಲ್ಲಿ ಚಿರಂಜೀವಿ ಎಂಬ ವಿಮಾ ಯೋಜನೆ ಬಂತು. ಬಡ ಕುಟುಂಬಗಳಿಗೆ ಅದು ಉಚಿತ. ಉಳಿದವರು ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಬಹುದಿತ್ತು. ಮೊದಲು 5 ಲಕ್ಷ ರೂಪಾಯಿಯ ರಕ್ಷಣೆ ಇತ್ತು, 2022ರಲ್ಲಿ 10 ಲಕ್ಷವಾಯಿತು, 2023ರಲ್ಲಿ 25 ಲಕ್ಷವಾಯಿತು. ಇವುಗಳಿಂದ ಜನರಿಗೆ ಉಪಕಾರವಾದದ್ದು ನಿಜ. ಅದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೂ ಅಲ್ಲಿಯ ಜನಪರ ಸಂಘಟನೆಗಳು ಯೋಜನೆ ಸಾಲದು, ಕಾಯ್ದೆ ಬೇಕು ಎಂದು ಪಟ್ಟು ಹಿಡಿದವು. ಆ ರಾಜ್ಯಕ್ಕೆ ಹೀಗೆ ಪಟ್ಟು ಹಿಡಿದು ಅಭ್ಯಾಸವಿದೆ. ಅಜ್ಮೀರಿನ ಸಮೀಪದ ಬ್ಯಾವರ್ ಪಟ್ಟಣದಲ್ಲಿ 1996ರಲ್ಲಿ ಹಳ್ಳಿಯ ರೈತರು, ಕೂಲಿಕಾರ ಹೆಂಗಸರು 40 ದಿನ ಧರಣಿ ಕುಳಿತು ಸರಕಾರದ ಲೆಕ್ಕಪತ್ರ ತೋರಿಸಿ ಎಂದು ಕೇಳಿದ್ದರು. ಇಂದು ನಾವೆಲ್ಲ ಹತ್ತು ರೂಪಾಯಿ ಶುಲ್ಕ ಕಟ್ಟಿ ಬಳಸುವ 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಆ ಧರಣಿಯಲ್ಲಿದೆ. ಮಾಹಿತಿಯನ್ನು ಹಕ್ಕಾಗಿ ಮಾಡಿಸಿಕೊಂಡವರು ಆರೋಗ್ಯವನ್ನೂ ಹಕ್ಕಾಗಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕಾಯ್ದೆಯಲ್ಲಿ ಏನಿದೆ ಎಂದು ನೋಡೋಣ.

ಮೊದಲನೆಯದಾಗಿ, ಸರಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಹೊರರೋಗಿ, ಒಳರೋಗಿ ಸೇವೆ, ಔಷಧ, ತಪಾಸಣೆ ಇವುಗಳನ್ನು ಆಯಾ ಸಂಸ್ಥೆಯ ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಪಡೆಯುವುದು ರಾಜ್ಯದ ಪ್ರತಿಯೊಬ್ಬ ನಿವಾಸಿಯ ಹಕ್ಕು. 'ನಿವಾಸಿ' ಎಂಬ ಪದವನ್ನು ಗಮನಿಸಿ. ಬಡತನದ ಗೆರೆಯ ಮೇಲಿನವನೋ ಕೆಳಗಿನವನೋ ಎಂಬ ವಿಚಾರಣೆ ಅಲ್ಲಿಲ್ಲ.

ಎರಡನೆಯದು ಕಾಯ್ದೆಯ ಹೃದಯ. ಅಪಘಾತ, ಹಾವು ಕಡಿತ, ಪ್ರಾಣಿ ಕಡಿತ, ಹೆರಿಗೆಯ ತುರ್ತು ಮತ್ತು ರಾಜ್ಯ ಆರೋಗ್ಯ ಪ್ರಾಧಿಕಾರ ತೀರ್ಮಾನಿಸುವ ಇತರ ತುರ್ತು ಸಂದರ್ಭಗಳಲ್ಲಿ ಮುಂಗಡ ಹಣ ಕೇಳದೆ ಚಿಕಿತ್ಸೆ ಕೊಡಬೇಕು. ಸರಕಾರಿ ಆಸ್ಪತ್ರೆ ಮಾತ್ರವಲ್ಲ, ಆ ಚಿಕಿತ್ಸೆ ಕೊಡಲು ಅರ್ಹತೆಯಿರುವ ಖಾಸಗಿ ಆಸ್ಪತ್ರೆಯೂ ಕೊಡಬೇಕು. ಪೊಲೀಸ್ ವರದಿ ಬಂದಿಲ್ಲವೆಂದು ತಡಮಾಡುವಂತಿಲ್ಲ. ರೋಗಿಯ ಸ್ಥಿತಿಯನ್ನು ಹತೋಟಿಗೆ ತಂದು, ಬೇಕಾದರೆ ಬೇರೆಡೆಗೆ ಕಳಿಸಿದ ಮೇಲೂ ಅವನಿಗೆ ಹಣ ಕಟ್ಟಲು ಆಗದಿದ್ದರೆ ಆ ಮೊತ್ತವನ್ನು ಸರಕಾರ ಆಸ್ಪತ್ರೆಗೆ ತುಂಬಿಕೊಡಬೇಕು. ಮೊದಲು ಜೀವ, ನಂತರ ಲೆಕ್ಕ. ಇಡೀ ಕಾಯ್ದೆಯ ಸಾರ ಇಷ್ಟೇ.

ಮೂರನೆಯದಾಗಿ, ರೋಗಿಯ ಮಾನಕ್ಕೆ ಸಂಬಂಧಿಸಿದ ಮಾತುಗಳಿವೆ. ತನ್ನ ರೋಗವೇನು, ಚಿಕಿತ್ಸೆ ಯಾವುದು, ಖರ್ಚೆಷ್ಟು ಎಂದು ತಿಳಿಯುವ ಹಕ್ಕಿದೆ. ದಾಖಲೆಗಳನ್ನೂ ಬಾಬತ್ತುವಾರು ಬಿಲ್ಲನ್ನೂ ಕೇಳಿ ಪಡೆಯುವ ಹಕ್ಕಿದೆ. ಔಷಧವನ್ನು ಇದೇ ಅಂಗಡಿಯಲ್ಲಿ ಕೊಳ್ಳಬೇಕು, ಪರೀಕ್ಷೆಯನ್ನು ಇದೇ ಲ್ಯಾಬಿನಲ್ಲಿ ಮಾಡಿಸಬೇಕು ಎಂದು ಒತ್ತಾಯಿಸುವಂತಿಲ್ಲ. ಪುರುಷ ಸಿಬ್ಬಂದಿ ಮಹಿಳೆಯ ದೇಹ ತಪಾಸಣೆ ಮಾಡುವಾಗ ಇನ್ನೊಬ್ಬ ಮಹಿಳೆ ಹತ್ತಿರವಿರಬೇಕೆಂದು ಕೇಳುವ ಹಕ್ಕಿದೆ. ನಮ್ಮ ಸಹೋದರಿಯರಲ್ಲಿ ಎಷ್ಟೋ ಮಂದಿ ನಾಚಿಕೆಯಿಂದ, ಅಂಜಿಕೆಯಿಂದ ರೋಗವನ್ನು ಮುಚ್ಚಿಟ್ಟು ಕೊನೆಯ ಹಂತದಲ್ಲಿ ಆಸ್ಪತ್ರೆಗೆ ಹೋಗುತ್ತಾರೆ. ಈ ಒಂದು ಸಾಲಿನ ಬೆಲೆ ಅವರಿಗೆ ಹೇಳಬೇಕಾಗಿಲ್ಲ.

ನಾಲ್ಕನೆಯದು ದೂರಿನ ದಾರಿ. ಹಕ್ಕು ತಪ್ಪಿದರೆ ಮೊದಲು ಆ ಆಸ್ಪತ್ರೆಯ ಮುಖ್ಯಸ್ಥರಿಗೆ ದೂರು ಕೊಡಬೇಕು. ಅವರು ಮೂರು ದಿನಗಳಲ್ಲಿ ಉತ್ತರಿಸಬೇಕು. ಪರಿಹಾರ ಸಿಗದಿದ್ದರೆ ದೂರು ಜಿಲ್ಲಾ ಆರೋಗ್ಯ ಪ್ರಾಧಿಕಾರಕ್ಕೆ ಹೋಗುತ್ತದೆ. ಅಲ್ಲಿ ಮೂವತ್ತು ದಿನಗಳ ಗಡುವು. ಅದರ ಮೇಲೆ ರಾಜ್ಯ ಪ್ರಾಧಿಕಾರ. ಕಾಯ್ದೆಯನ್ನು ಮುರಿದವರಿಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 25,000 ರೂಪಾಯಿವರೆಗೆ ದಂಡ.

ಇದರಿಂದ ಯಾರಿಗೆ ಪ್ರಯೋಜನ? ಜೈಸಲ್ಮೇರ್ ಜಿಲ್ಲೆಯನ್ನು ತೆಗೆದುಕೊಳ್ಳಿ. ಅದೊಂದೇ ಜಿಲ್ಲೆಯ ವಿಸ್ತಾರ 38,000 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಸುಮಾರು ಇಡೀ ಕೇರಳದಷ್ಟು. 2011ರ ಜನಗಣತಿಯ ಪ್ರಕಾರ ಅಲ್ಲಿ ಒಂದು ಚದರ ಕಿಲೋಮೀಟರಿಗೆ ಇದ್ದವರು 17 ಮಂದಿ. ಅಂಥ ಕಡೆ ಹೊಲದಲ್ಲಿ ಹಾವು ಕಚ್ಚಿದವನನ್ನು ಜೀಪಿಗೆ ಹಾಕಿಕೊಂಡು ಹೊರಟವರಿಗೆ ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯೇ ಕೊನೆಯ ಆಸೆ. ಅಲ್ಲಿ ವಾಪಸು ಕಳಿಸಿದರೆ ಮುಂದಿನ ಆಸ್ಪತ್ರೆ ತಲುಪುವಷ್ಟರಲ್ಲಿ ವಿಷ ತನ್ನ ಕೆಲಸ ಮುಗಿಸಿರುತ್ತದೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಈ ಸಾವುಗಳ ಹೆಚ್ಚಿನ ಪಾಲು ಕೆಲವೇ ರಾಜ್ಯಗಳದ್ದು, ಆ ಪಟ್ಟಿಯಲ್ಲಿ ರಾಜಸ್ಥಾನವೂ ಇದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಕಾಯ್ದೆಯಲ್ಲಿ ಹಾವು ಕಡಿತದ ಹೆಸರನ್ನು ಬಿಡಿಸಿ ಬರೆದದ್ದು ಸುಮ್ಮನೆ ಅಲ್ಲ.

ಹೆರಿಗೆಯ ವಿಷಯವೂ ಹಾಗೆಯೇ. 2011ರಿಂದ 2013ರ ಅವಧಿಯಲ್ಲಿ ರಾಜಸ್ಥಾನದಲ್ಲಿ ಒಂದು ಲಕ್ಷ ಹೆರಿಗೆಗಳಿಗೆ 244 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಅವಧಿಗೆ ಅದು 113ಕ್ಕೆ ಇಳಿಯಿತು. ಮೆಚ್ಚಬೇಕಾದ ಸಾಧನೆ. ಆದರೆ ಅದೇ ಅವಧಿಯಲ್ಲಿ ಕರ್ನಾಟಕದಲ್ಲಿ ಈ ಸಂಖ್ಯೆ 69 ಇತ್ತು, ಕೇರಳದಲ್ಲಿ ಇನ್ನೂ ಬಹಳ ಕಡಿಮೆ ಇತ್ತು. ರಕ್ತಸ್ರಾವವಾಗುತ್ತಿರುವ ತಾಯಿಗೆ ಬೇಕಾದದ್ದು ಕೆಲವು ಗಂಟೆಗಳೊಳಗಿನ ಚಿಕಿತ್ಸೆ. ಆ ಗಂಟೆಗಳನ್ನು ಹಣ ಹೊಂದಿಸಲು ಕಳೆದರೆ ಆಮೇಲೆ ಹಣವಿದ್ದೂ ಫಲವಿಲ್ಲ.

ಮೂರನೆಯ ಪ್ರಯೋಜನ ಕಣ್ಣಿಗೆ ಕಾಣದ್ದು. ಒಂದು ದೊಡ್ಡ ಕಾಯಿಲೆ ಮನೆಯೊಂದನ್ನು ಹೇಗೆ ಹತ್ತು ವರ್ಷ ಹಿಂದಕ್ಕೆ ತಳ್ಳುತ್ತದೆ ಎಂಬುದು ನಮಗೆ ಗೊತ್ತಿರುವ ವಿಷಯ. 2013-14ರಲ್ಲಿ ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದ ಪ್ರತಿ ನೂರು ರೂಪಾಯಿಯಲ್ಲಿ 64 ರೂಪಾಯಿ ಜನರೇ ನೇರವಾಗಿ ಜೇಬಿನಿಂದ ಕೊಡುತ್ತಿದ್ದರು. 2021-22ಕ್ಕೆ ಅದು ಸುಮಾರು 39 ರೂಪಾಯಿಗೆ ಇಳಿದಿದೆ ಎಂದು ಕೇಂದ್ರ ಸರಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷ. ಆದರೆ ಆ 39 ರೂಪಾಯಿ ಎಲ್ಲ ಮನೆಗಳಿಂದ ಸಮನಾಗಿ ಹೋಗುವುದಿಲ್ಲ. ಯಾವ ಮನೆಗೆ ರೋಗ ಬಂತೋ ಆ ಮನೆಯಿಂದಲೇ ಹೋಗುತ್ತದೆ. ಎಮ್ಮೆ ಮಾರುವುದು, ಒಡವೆ ಅಡವಿಡುವುದು, ಮಗಳ ಓದು ನಿಲ್ಲಿಸುವುದು ಇವು ಆ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.

ಇಷ್ಟು ಒಳ್ಳೆಯ ಕಾಯ್ದೆಗೆ ವಿರೋಧ ಬಂದದ್ದೇಕೆ? ಬಂದದ್ದು ಎಲ್ಲಿಂದಲೋ ಅಲ್ಲ, ವೈದ್ಯರಿಂದಲೇ. ಖಾಸಗಿ ವೈದ್ಯರು ಸುಮಾರು ಎರಡು ವಾರ ಮುಷ್ಕರ ಹೂಡಿದರು. ಜೈಪುರದ ಬೀದಿಗಳಲ್ಲಿ ದೊಡ್ಡ ಮೆರವಣಿಗೆಗಳು ನಡೆದವು. ಅನೇಕ ಆಸ್ಪತ್ರೆಗಳು ಬಾಗಿಲು ಮುಚ್ಚಿದವು, ಸರಕಾರಿ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಹಕ್ಕಿನ ಕಾಯ್ದೆ ಬಂದ ದಿನಗಳಲ್ಲೇ ರೋಗಿಗಳು ಪರದಾಡಬೇಕಾಯಿತು.

ವೈದ್ಯರನ್ನು ಬೈಯುವುದು ಸುಲಭ. ಆದರೆ ಅವರ ಮಾತನ್ನೂ ಕೇಳಬೇಕು. ತುರ್ತು ಎಂದರೆ ಯಾವುದು, ಯಾವುದಲ್ಲ ಎಂಬುದು ಸ್ಪಷ್ಟವಾಗಿಲ್ಲ ಎಂದು ಅವರು ಹೇಳಿದರು. ಸರಕಾರ ಹಣ ತುಂಬಿಕೊಡುತ್ತದೆ ಎಂದು ಬರೆದಿದೆ, ಯಾವಾಗ, ಯಾವ ದರದಲ್ಲಿ ಎಂದು ಬರೆದಿಲ್ಲ ಎಂದರು. ಸಣ್ಣ ಪಟ್ಟಣದಲ್ಲಿ ಸಾಲ ಮಾಡಿ ಹತ್ತು ಹಾಸಿಗೆಯ ಆಸ್ಪತ್ರೆ ಕಟ್ಟಿದ ವೈದ್ಯ ದಂಪತಿ ಸರಕಾರದ ಬಾಕಿಗಾಗಿ ವರ್ಷಗಟ್ಟಲೆ ಕಾಯಲು ಆಗುತ್ತದೆಯೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಡವನ ಹಕ್ಕಿನ ಬೆಲೆಯನ್ನು ಸಮಾಜ ಒಟ್ಟಾಗಿ, ಅಂದರೆ ಸರಕಾರದ ಬೊಕ್ಕಸ, ತೆರಬೇಕೇ ಹೊರತು ಒಬ್ಬ ವೈದ್ಯನ ಹೆಗಲಿಗೆ ಕಟ್ಟಬಾರದು. ಕೂಲಿ ಕೊಡದೆ ಕೆಲಸ ಮಾಡಿಸುವುದೂ ಇನ್ನೊಬ್ಬರ ಹಕ್ಕನ್ನು ಕಸಿಯುವುದೇ ತಾನೇ?

ಆದರೆ ಇದಕ್ಕೆ ಉತ್ತರ ಕಾಯ್ದೆಯನ್ನು ಹಿಂದಕ್ಕೆ ಪಡೆಯುವುದಲ್ಲ, ದರವನ್ನೂ ಗಡುವನ್ನೂ ಸ್ಪಷ್ಟವಾಗಿ ಬರೆಯುವುದು. ಏಪ್ರಿಲ್ 4ರಂದು ಸರಕಾರಕ್ಕೂ ವೈದ್ಯರಿಗೂ ಎಂಟು ಅಂಶಗಳ ಒಪ್ಪಂದವಾಯಿತು. 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳನ್ನು ಕಾಯ್ದೆಯ ಹೊರಗಿಡುವುದಾಗಿ ಸರಕಾರ ಒಪ್ಪಿತು. ಸರಕಾರದಿಂದ ಜಮೀನು, ಕಟ್ಟಡದಂಥ ನೆರವು ಪಡೆಯದ ಖಾಸಗಿ ಆಸ್ಪತ್ರೆಗಳೂ ಹೊರಗೆ. ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಸರಕಾರದ ಪಾಲುದಾರಿಕೆಯಲ್ಲಿ ನಡೆಯುವವು, ರಿಯಾಯಿತಿ ದರದಲ್ಲಿ ಜಮೀನು ಪಡೆದವು ಮತ್ತು ಸರಕಾರದ ನೆರವಿನ ಟ್ರಸ್ಟ್ ಆಸ್ಪತ್ರೆಗಳು ಒಳಗೆ. ಮುಷ್ಕರ ಮುಗಿಯಿತು. ಆದರೆ ಸಣ್ಣ ಪಟ್ಟಣದಲ್ಲಿರುವ ಖಾಸಗಿ ಆಸ್ಪತ್ರೆಗಳು ಹೆಚ್ಚಾಗಿ 50 ಹಾಸಿಗೆಗಿಂತ ಚಿಕ್ಕವೇ ಅಲ್ಲವೇ? ಹಾವು ಕಚ್ಚಿದವನಿಗೆ ಹತ್ತಿರವಿರುವುದು ಅವೇ. ಹಕ್ಕಿನ ಬಾಗಿಲು ನಗರದಲ್ಲಿ ತೆರೆದು ಹಳ್ಳಿಯ ಕಡೆ ಅರ್ಧ ಮುಚ್ಚಿದಂತಾಯಿತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ವಿಧಾನಸಭೆ ಕಾಯ್ದೆ ಮಾಡಿದರೆ ಸಾಲದು. ಅದನ್ನು ಜಾರಿಗೊಳಿಸಲು ನಿಯಮಾವಳಿ ಬೇಕು. ತುರ್ತು ಎಂದರೇನು, ಬಿಲ್ಲು ಯಾರಿಗೆ ಕಳಿಸಬೇಕು, ಎಷ್ಟು ದಿನದಲ್ಲಿ ಹಣ ಬರಬೇಕು ಎಂಬುದೆಲ್ಲ ಬರಬೇಕಾದದ್ದು ನಿಯಮಗಳಲ್ಲಿ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಸರಕಾರ ಬದಲಾಯಿತು. 2024ರಲ್ಲಿ ಚಿರಂಜೀವಿ ಯೋಜನೆಯ ಹೆಸರೂ ಬದಲಾಯಿತು. ಕಾಯ್ದೆಯ ನಿಯಮಗಳು ಮಾತ್ರ 2024ರ ವರ್ಷ ಮುಗಿದರೂ ಹೊರಬಂದಿರಲಿಲ್ಲ. ಬೀಜ ಬಿತ್ತಿದ್ದಾಯಿತು, ನೀರು ಹಾಯಿಸುವವರು ಮುಂದೆ ಬರಲಿಲ್ಲ.

ಇದು ಒಂದು ಪಕ್ಷದ, ಒಂದು ಸರಕಾರದ ದೋಷವೆಂದು ತಿಳಿಯಬಾರದು. ನಿಯಮಗಳ ವಿಷಯದಲ್ಲಿ ನಮ್ಮ ಆಡಳಿತದ ನಡಿಗೆಯೇ ಹಾಗೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ, ಅಪಘಾತದ ನಂತರದ ಮೊದಲ ಅಮೂಲ್ಯ ಗಂಟೆಯಲ್ಲಿ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ರೂಪಿಸಬೇಕೆಂದು ಸೇರಿಸಲಾಗಿತ್ತು. ಆ ಯೋಜನೆ ಹೊರಬಿದ್ದದ್ದು 2025ರ ಮೇ ತಿಂಗಳಲ್ಲಿ. ಅದೂ ಸುಪ್ರೀಂ ಕೋರ್ಟ್ ಗಡುವು ಕೊಟ್ಟ ಮೇಲೆ. ಅದರಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ಚಿಕಿತ್ಸೆ ಸಿಗಬೇಕು. ಇದು ದೇಶಕ್ಕೆಲ್ಲ ಅನ್ವಯ, ಅಂದರೆ ನಮಗೂ. ಈ ಆರು ವರ್ಷಗಳಲ್ಲಿ ರಸ್ತೆಯಲ್ಲಿ ಬಿದ್ದವರ ಪಾಲಿಗೆ ಮಾತ್ರ ಕಾಯ್ದೆ ಕಾಗದದ ಮೇಲಷ್ಟೇ ಇತ್ತು.

ಈಗ ನಮ್ಮ ಕರ್ನಾಟಕದ ಕಡೆ ನೋಡೋಣ. ನಮ್ಮಲ್ಲಿ ಆರೋಗ್ಯದ ಹಕ್ಕು ಎಂಬ ಹೆಸರಿನ ಕಾಯ್ದೆ ಇಲ್ಲ. ಯೋಜನೆಗಳಿವೆ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು. ದೇಶವೇ ನೋಡಿ ಕಲಿತ ಯೋಜನೆ ಅದು. 2018ರಲ್ಲಿ ಅದು ನಿಂತಿತು. 2022ರಲ್ಲಿ ಮತ್ತೆ ಆರಂಭವಾಯಿತು. ನಡುವಿನ ವರ್ಷಗಳಲ್ಲಿ ಆ ಕಾರ್ಡನ್ನು ನಂಬಿದ್ದ ರೈತ ಯಾರನ್ನು ಕೇಳಬೇಕಿತ್ತು? ಯಾರನ್ನೂ ಕೇಳುವಂತಿರಲಿಲ್ಲ, ಏಕೆಂದರೆ ಅದು ಸವಲತ್ತು. ಕೊಟ್ಟವರು ನಿಲ್ಲಿಸಬಹುದು. ಕಾಯ್ದೆಯನ್ನು ಹಾಗೆ ಸದ್ದಿಲ್ಲದೆ ನಿಲ್ಲಿಸಲು ಆಗುವುದಿಲ್ಲ. ರದ್ದು ಮಾಡಬೇಕಾದರೆ ವಿಧಾನಸಭೆಗೆ ಬಂದು ಎಲ್ಲರೆದುರು ಕಾರಣ ಹೇಳಬೇಕು. ಜಾರಿಗೊಳಿಸದಿದ್ದರೆ ಕೋರ್ಟಿಗೆ ಹೋಗಬಹುದು. ಸವಲತ್ತಿಗೂ ಹಕ್ಕಿಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಹಾಗೆಂದು ನಮ್ಮ ಕೈ ಬರಿದಾಗಿಯೂ ಇಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮಲ್ಲಿದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಇಲ್ಲಿಯೂ ವೈದ್ಯರು ಮುಷ್ಕರ ಹೂಡಿದ್ದರು, ಮಸೂದೆಯ ಕೆಲವು ಕಠಿಣ ಅಂಶಗಳು ಸಡಿಲಗೊಂಡವು. ಆದರೂ ಉಳಿದದ್ದು ಕಡಿಮೆಯಲ್ಲ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಚಿಕಿತ್ಸೆ ಆರಂಭಿಸಲು ಮುಂಗಡ ಹಣಕ್ಕಾಗಿ ಒತ್ತಾಯಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿನ ಕಾರಣಕ್ಕೆ ಶವವನ್ನು ತಡೆಹಿಡಿಯುವಂತಿಲ್ಲ. ರೋಗಿಗಳ ಸನ್ನದು ಎಂಬ ಹಕ್ಕುಗಳ ಪಟ್ಟಿಯಿದೆ. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಇದನ್ನು ಓದುತ್ತಿರುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿತ್ತು? ಕೈ ಎತ್ತಲು ಹೇಳಿದರೆ ಬಹಳ ಕೈಗಳು ಏಳಲಾರವು.

ನಮ್ಮ ಊರುಗಳಲ್ಲಿ ನಡೆಯುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಶುಕ್ರವಾರದ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಆಸ್ಪತ್ರೆಯ ಬಿಲ್ಲು ಹಿಡಿದು ಯಾರಾದರೊಬ್ಬರು ನಿಂತಿರುವುದು ಸಾಮಾನ್ಯ. ಜಮಾಅತಿನವರು ಘೋಷಿಸುತ್ತಾರೆ, ಜನ ತಮ್ಮಿಂದಾದಷ್ಟು ಹಾಕುತ್ತಾರೆ. ಕೊಡುವ ಕೈ ದೊಡ್ಡದು, ಅದು ನಿಲ್ಲಬಾರದು. ಆದರೆ ಹಣ ಸಂಗ್ರಹಿಸುವ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಈ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡು ಇದೆಯೇ? ಈ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ? ಆಸ್ಪತ್ರೆ ಬಾಬತ್ತುವಾರು ಬಿಲ್ಲು ಕೊಟ್ಟಿದೆಯೇ? ಅಪಘಾತವಾಗಿದ್ದರೆ ನಗದುರಹಿತ ಯೋಜನೆಯಡಿ ಕೇಳಿದ್ದಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಎಷ್ಟೋ ಸಲ ಬಿಲ್ಲಿನ ದೊಡ್ಡ ಪಾಲು ಹಕ್ಕಿನ ದಾರಿಯಿಂದಲೇ ತೀರುತ್ತದೆ. ದಾನದ ಹಣ ಯಾವ ಹಕ್ಕೂ ತಲುಪದ ಇನ್ನೊಂದು ಮನೆಗೆ ಉಳಿಯುತ್ತದೆ. ಮೂರು ಲಕ್ಷದ ಬಿಲ್ಲಿಗೆ ಮೂವತ್ತು ಸಾವಿರ ಸಂಗ್ರಹಿಸಿಕೊಟ್ಟು ತೃಪ್ತಿಪಡುವುದಕ್ಕಿಂತ, ಅರ್ಜಿ ಬರೆಯಲು ತಿಳಿದ ಒಬ್ಬ ಹುಡುಗನನ್ನು ಆ ಕುಟುಂಬದ ಜೊತೆ ಕಳಿಸುವುದು ದೊಡ್ಡ ಸಹಾಯವಾಗಬಹುದು.

ಇದಕ್ಕೆ ದೊಡ್ಡ ಸಂಘಟನೆಯೇನೂ ಬೇಕಿಲ್ಲ. ಪ್ರತಿ ಮೊಹಲ್ಲಾದಲ್ಲಿ ಪದವಿ ಓದಿದ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಸಿಕ್ಕರೆ ಸಾಕು. ಮನೆಮನೆಗೆ ಹೋಗಿ ಕಾರ್ಡುಗಳಲ್ಲಿ ಹೆಸರು ಸರಿಯಿದೆಯೇ ಎಂದು ನೋಡಲಿ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು ಹೆಸರು ಇರುವುದರಿಂದಲೇ ನಮ್ಮ ಎಷ್ಟೋ ಹೆಂಗಸರಿಗೆ ಆಸ್ಪತ್ರೆಯಲ್ಲಿ ತೊಂದರೆಯಾಗುತ್ತದೆ. ರೋಗ ಬರುವ ಮೊದಲೇ ಅದನ್ನು ಸರಿಪಡಿಸಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆ, ದೂರು ಎಲ್ಲಿ ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಮಸೀದಿ, ಶಾಲೆ, ಅಂಗನವಾಡಿಗಳ ಗೋಡೆಗೆ ಅಂಟಿಸಲಿ. ಇದರಿಂದ ನಮ್ಮವರಿಗೆ ಮಾತ್ರವಲ್ಲ, ಊರಿಗೇ ಉಪಕಾರ. ರೋಗಕ್ಕೆ ಜಾತಿ ಧರ್ಮ ಇಲ್ಲದಿರುವಾಗ ಹಕ್ಕಿಗೆ ಏಕೆ ಇರಬೇಕು?

ಇದರ ಜೊತೆಗೆ ಕೇಳುವುದನ್ನೂ ಕಲಿಯಬೇಕು. ಚುನಾವಣೆಯಲ್ಲಿ ಮನೆಬಾಗಿಲಿಗೆ ಬರುವವರಲ್ಲಿ ನಾವು ರಸ್ತೆ, ಚರಂಡಿ, ಶಾದಿಮಹಲ್ ಕೇಳುತ್ತೇವೆ. ಒಮ್ಮೆ ಹೀಗೂ ಕೇಳಿ ನೋಡೋಣ: ರಾಜಸ್ಥಾನದಲ್ಲಿ ಬಂದಂಥ ಆರೋಗ್ಯದ ಹಕ್ಕಿನ ಕಾಯ್ದೆ ನಮ್ಮ ರಾಜ್ಯಕ್ಕೆ ಯಾವಾಗ? ಅದರಲ್ಲಿ ವೈದ್ಯರಿಗೆ ಸರಕಾರ ಎಷ್ಟು ದಿನದಲ್ಲಿ ಹಣ ಕೊಡುತ್ತದೆಂದು ಬರೆಯುತ್ತೀರಾ? ಸಣ್ಣ ಆಸ್ಪತ್ರೆಗಳಿಗೆ ನೆರವು ಕೊಟ್ಟು ಅವನ್ನೂ ಒಳಗೆ ತರುತ್ತೀರಾ? ಕಾಯ್ದೆಯ ಜೊತೆಗೇ ನಿಯಮಗಳನ್ನೂ ತರುತ್ತೀರಾ? ಪ್ರಶ್ನೆ ಕೇಳುವವರಿಲ್ಲದ ಕಡೆ ಒಳ್ಳೆಯ ಕಾಯ್ದೆಯೂ ಕಪಾಟಿನಲ್ಲಿ ಮಲಗುತ್ತದೆ.

ರಾಜಸ್ಥಾನದ ಕಾಯ್ದೆ ಸೋತಿತು ಎಂದು ತೀರ್ಪು ಕೊಡುವ ಆತುರ ನಮಗೆ ಬೇಡ. ಬ್ಯಾವರ್‌ನ ಧರಣಿಯಿಂದ ದೇಶದ ಮಾಹಿತಿ ಹಕ್ಕು ಕಾಯ್ದೆಯವರೆಗೆ ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷವೂ ಜನ ಕೇಳುತ್ತಲೇ ಇದ್ದರು, ಅದರಿಂದಲೇ ಕಾಯ್ದೆ ಬಂತು. ಆರೋಗ್ಯದ ವಿಷಯದಲ್ಲೂ ಅಲ್ಲಿಯವರು ಕಾಯ್ದೆಯನ್ನು ಬರೆಯಿಸಿಕೊಳ್ಳುವಷ್ಟು ದೂರ ಬಂದಿದ್ದಾರೆ. ನಾವು ನಮ್ಮಲ್ಲಿರುವ ಕಾಯ್ದೆಯನ್ನು ಓದಿ ತಿಳಿದುಕೊಳ್ಳುವುದರಿಂದಲಾದರೂ ಆರಂಭಿಸೋಣ. ಈ ತಿಂಗಳು ಮನೆಯವರೆಲ್ಲ ಕುಳಿತು ಕಾರ್ಡುಗಳನ್ನು ಹೊರತೆಗೆದು ಹೆಸರುಗಳನ್ನು ಸರಿನೋಡಿ. ನೆರೆಮನೆಯವರಿಗೂ ಹೇಳಿ.